ಕಸವೆಂದು ಬಿಟ್ಟ ಅಕ್ಷರಗಳು

ಸಾಬೂನಿನ ನಿಂಬೆ ವಾಸನೆಯ ಅಡಿಯಿಂದ ಮತ್ತೆ ಅದೇ ಮೇಲೆದ್ದು ಬರುತ್ತಿದೆ, ಬೆರಳ ಸಂದಿಯಲ್ಲಿ, ಉಗುರಿನ ಕೆಳಗೆ, ಸಿಹಿ ಅನ್ನಬೇಕೋ ಹುಳಿ ಅನ್ನಬೇಕೋ, ಯಾರೋ ಅಗಿದು ಉಗುಳಿದ್ದರ ಹಾಗೆ — ಛೀ, ಅವಳು ಕೈಯನ್ನು ಮೂಗಿನಿಂದ ದೂರ ಹಿಡಿದುಕೊಂಡೇ ಕುರ್ಚಿಯಲ್ಲಿ ಕೂತಳು, ಎದುರಿಗೆ ಪರದೆ, ಪರದೆಯಲ್ಲಿ ಹಸಿರು ಬಣ್ಣದ ನಾಲ್ಕು ಪಾಯಿಂಟ್ ಒಂಬತ್ತು, ಐದು ಡಿಗ್ರಿಯ ಗೆರೆಗಿಂತ ಕೂದಲೆಳೆಯಷ್ಟು ಕೆಳಗೆ, ಬೆಳಿಗ್ಗೆಯಿಂದ ಅಷ್ಟೇ, ನಿನ್ನೆಯೂ ಅಷ್ಟೇ, ಕೈಕಟ್ಟಿ ಕೂತ ಒಳ್ಳೆಯ ಮಗುವಿನ ಹಾಗೆ, ಆದರೆ ಗೋಡೆಯ ಆಚೆ ಶೀತಲ ಕೋಣೆಯಲ್ಲಿ ಕೋಳಿ ಮಾಂಸದ ಕ್ರೇಟುಗಳು ಬೆವರಿದಂತೆ ಹೊಳೆಯುತ್ತಿವೆ, ಈಗಷ್ಟೇ ಮುಟ್ಟಿ ಬಂದಳಲ್ಲ, ಮಾಂಸದ ಲೋಳೆ ಬೆರಳಿಗೆ ಅಂಟಿಕೊಂಡು ನೂಲು ನೂಲಾಗಿ ಎಳೆದುಕೊಂಡು ಬಂತು, ಡ್ರಾಯರಿನ ತಳದಿಂದ ಹಳೆಯ ಮುಳ್ಳಿನ ಥರ್ಮಾಮೀಟರು ಹುಡುಕಿ ಚುಚ್ಚಿದಾಗ ಮುಳ್ಳು ಏಳು ದಾಟಿ ಎಂಟರ ಹತ್ತಿರ ಹೋಗಿ ನಿಂತಿತು, ಅಲ್ಲಾಡಿಸಿ ಚುಚ್ಚಿದಳು, ಮತ್ತೆ ಅಲ್ಲೇ. ಮ್ಯಾನೇಜರ್ ಒಳಗೆ ಕಾಲಿಡಲಿಲ್ಲ, ಬಾಗಿಲಲ್ಲೇ ನಿಂತು ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು, ಅದು ಓಬೀರಾಯನ ಕಾಲದ್ದು ಕಣಮ್ಮ, ಅದನ್ನ ಯಾರು ನಂಬ್ತಾರೆ, ಸ್ಕ್ರೀನ್ ಹಸಿರಿದೆಯಲ್ಲ, ಸ್ಕ್ರಿಪ್ಟು ಬರೆದೋರೇ ನೀವು, ನಿಮ್ಮ ಮೇಲೆ ನಿಮಗೇ ನಂಬಿಕೆ ಇಲ್ವಾ, ಅಂದ — ಇಲ್ಲ, ಯಾವತ್ತೂ ಇರಲಿಲ್ಲ, ಮನೆಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುವವಳು ಅವಳು, ಆದರೂ ಈ ಹಸಿರು ಅಂಕಿಯನ್ನು ಮಾತ್ರ ನಂಬಿ ತನ್ನ ಮೂಗನ್ನೇ ಅನುಮಾನಿಸಿದಳು, ನೆಗಡಿ ಇರಬೇಕು ಅಂದುಕೊಂಡಳು, ಮೋರಿಯ ಗಬ್ಬು ಇರಬೇಕು ಅಂದುಕೊಂಡಳು, ಮತ್ತು ಕರವಸ್ತ್ರ ಮೂಗಿಗೆ ಹಿಡಿದ ಮನುಷ್ಯ ವಾಸನೆ ಎಲ್ಲಿದೆ ಎಂದು ಕೇಳುತ್ತಾನೆ, ಆ ಕರವಸ್ತ್ರದ ಮೇಲಿನ ಅತ್ತರು ಕೂಡ ನೆನಪಿನಲ್ಲಿ ಈಗ ಅದೇ ವಾಸನೆ ಹೊಡೆಯುತ್ತಿದೆ.

ಸೆನ್ಸರ್ ಕಳಿಸುವ ಕಚ್ಚಾ ಸಾಲುಗಳನ್ನೇ ನೋಡಿಬಿಡೋಣ, ಹಸಿರಿನ ಬಣ್ಣ ಬಳಿಯುವ ಮೊದಲಿನದು, ತೆರೆದಳು, ಸಾಲಾಗಿ ಇಳಿದವು, 49, 49, 49, 4C, 4E, 4B, 49, ಡಿಗ್ರಿಯ ಹತ್ತನೇ ಒಂದು ಪಾಲಿನ ಲೆಕ್ಕ, ಅವಳ ಸ್ಕ್ರಿಪ್ಟು ಅದನ್ನು ಹತ್ತರಿಂದ ಭಾಗಿಸಿ ತೋರಿಸುತ್ತದೆ, ಅಷ್ಟೇ ಅದರ ಕೆಲಸ, ಅಕ್ಷರ ಸೇರಿದ ಸಾಲುಗಳ ಮೇಲೆ ಅವಳಿಗೆ ಮೊದಲ ದಿನವೇ ಅನುಮಾನ ಬಂದಿತ್ತು, ಯಂತ್ರ ಕೂಡಿಸಲು ಬಂದಿದ್ದ ತಂತ್ರಜ್ಞನನ್ನು ಕೇಳಿದ್ದಳು, ಎಲ್ಲರೂ ಪಂಡಿತ ಎಂದು ಕರೆಯುತ್ತಿದ್ದವನು, ಹಲ್ಲಿನ ಸಂದಿಯಲ್ಲಿ ಕಡ್ಡಿ ಆಡಿಸುತ್ತ, ಅಕ್ಷರ ಬಂದ್ರೆ ಕಸ ಮೇಡಂ, ವೈರಲ್ಲಿ ಏನೋ ಗಲಾಟೆ, ಅದನ್ನ ಬಿಟ್ಟಾಕಿ, ಹಿಂದಿನ ನಂಬರನ್ನೇ ತೋರಿಸ್ತಾ ಇರಿ, ಅಂದ, ಅನ್ನುತ್ತಲೇ ಆ ಕಡ್ಡಿಯನ್ನು ಅವಳ ಮೇಜಿನ ಅಂಚಿಗೆ ಒರೆಸಿದ, ಅವಳು ಮುಖ ಸಿಂಡರಿಸಿಕೊಂಡೇ ಬರೆದಳು, ಸಂಖ್ಯೆಯಾದರೆ ತಗೋ, ಆಗದಿದ್ದರೆ ಸುಮ್ಮನೆ ಮುಂದೆ ಹೋಗು, ಪಕ್ಕದಲ್ಲಿ ತನಗಾಗಿ ಒಂದು ಟಿಪ್ಪಣಿ — ಕಸ. ಕಸಕ್ಕೆ ಇಷ್ಟು ಶಿಸ್ತು ಎಲ್ಲಿಂದ ಬಂತು. ಎಲ್ಲೂ ಒಂದು G ಇಲ್ಲ, ಒಂದು Z ಇಲ್ಲ, ಪ್ರಶ್ನಾರ್ಥಕ ಇಲ್ಲ, A ಯಿಂದ F ವರೆಗೆ ಅಷ್ಟೇ, ಬೇಲಿ ಹಾಕಿದ ಹಾಗೆ — ಸಂಜೆಯ ಕಂಪ್ಯೂಟರ್ ತರಗತಿಯ ಮೇಷ್ಟ್ರು ಡಸ್ಟರಿನ ಧೂಳಿಗೆ ಕೆಮ್ಮುತ್ತ, ಹದಿನಾರರ ಲೆಕ್ಕದಲ್ಲಿ ಒಂಬತ್ತಾದ ಮೇಲೆ ನಮ್ಮ ಹತ್ರ ಅಂಕಿ ಖಾಲಿ, ಪಕ್ಕದ ಮನೆಯಿಂದ ಸಕ್ಕರೆ ಕೇಳೋ ಹಾಗೆ ಅಕ್ಷರ ಕೇಳಿ ತರ್ತೀವಿ, ಆರೇ ಆರು, ಅಂದಿದ್ದರು, ಹಿಂದಿನ ಬೆಂಚಿನವನೊಬ್ಬ, ವಾಪಸ್ ಯಾವಾಗ ಕೊಡ್ತೀರಿ ಸಾರ್ ಅಂದಿದ್ದ, ಅವಳೂ ನಕ್ಕಿದ್ದಳು, ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಪೂರ್ತಿ ಅಂಕ ಬಂದಿತ್ತು, 255 ಅಂದರೆ FF, ಗೊತ್ತಿತ್ತು, ಗೊತ್ತಿತ್ತು, ಆದರೆ ಪುಸ್ತಕದಲ್ಲಿ ಅವುಗಳ ಮುಂದೆ ಸದಾ 0x ಎಂಬ ಟೋಪಿ ಇರುತ್ತಿತ್ತು, ಟೋಪಿ ತೆಗೆದು ಮಾಂಸದ ಕೋಣೆಯಿಂದ ನಡೆದು ಬಂದಾಗ ಅವಳು ಗುರುತು ಹಿಡಿಯಲಿಲ್ಲ, ಎಂಥ ಓದು ಅದು. 49 ಅನ್ನು ಹದಿನಾರರ ಲೆಕ್ಕದಲ್ಲಿ ಓದು ಎಂದು ಹೊಡೆದಳು, int("49", 16), ಉತ್ತರ 73, ನಾಲ್ಕು ಹದಿನಾರು ಅರವತ್ನಾಲ್ಕು, ಮೇಲೆ ಒಂಬತ್ತು. 4C ಎಪ್ಪತ್ತಾರು, 4E ಎಪ್ಪತ್ತೆಂಟು. ಏಳು ಪಾಯಿಂಟ್ ಮೂರು, ಏಳು ಪಾಯಿಂಟ್ ಆರು, ಏಳು ಪಾಯಿಂಟ್ ಎಂಟು, ಓಬೀರಾಯನ ಮುಳ್ಳು ನಿಂತ ಜಾಗವೇ. ಅತ್ತಲಿಂದಲೂ ನೋಡೋಣ, ಐದು ಡಿಗ್ರಿಯ ಗೆರೆ ಅಂದರೆ ಐವತ್ತು, hex(50), ಪರದೆ 0x32 ಅಂದಿತು, ಅಂದರೆ 32 ದಾಟಿದ ಕ್ಷಣವೇ ಕೆಂಪಾಗಬೇಕಿತ್ತು, ಇವಳ ಸ್ಕ್ರಿಪ್ಟು ಅದನ್ನು ಮೂವತ್ತೆರಡು ಎಂದು ಓದಿ, ಆಹಾ ಎಷ್ಟು ತಂಪು ಎಂದು ಹಸಿರು ಬಳಿಯಿತು, ಕೋಣೆ ಇನ್ನೂ ಬಿಸಿಯೇರಿ ಅಕ್ಷರ ಹಚ್ಚಿ ಕೂಗಿದಾಗ ಕಸ ಎಂದು ಗುಡಿಸಿ ಎಸೆದು ಹಳೆಯ ನಾಲ್ಕು ಪಾಯಿಂಟ್ ಒಂಬತ್ತನ್ನೇ ತೋರಿಸುತ್ತ ಕೂತಿತು, ಥೂ, ಅದರ ಹಸಿರಿಗೂ ಈಗ ಲೋಳೆ ಹತ್ತಿದಂತೆ ಕಾಣುತ್ತಿದೆ, ಪಂಡಿತನ ಕಡ್ಡಿಯ ಮೇಲೆ ಅಸಹ್ಯಪಟ್ಟಷ್ಟು ಅವನ ಮಾತಿನ ಮೇಲೆ ಪಟ್ಟಿದ್ದರೆ ಸಾಕಿತ್ತು, ಪಡಲಿಲ್ಲ, ಇನ್ನೊಮ್ಮೆ ಕೇಳಿದರೆ ದಡ್ಡಿ ಅಂದಾನು ಎಂದು ಬಾಯಿ ಮುಚ್ಚಿಕೊಂಡಳು.

ವ್ಯಾನು. ವ್ಯಾನು ಹೋಗಿ ಎಷ್ಟು ಹೊತ್ತಾಯಿತು, ಆಸ್ಪತ್ರೆಯ ಅಡುಗೆಮನೆಗೆ ದಿನವೂ ಹೋಗುವ ಲೋಡು, ಓಡಿಸುವವನು ಅವಳ ಮೈದುನನೇ, ಫೋನ್ ಎಲ್ಲಿ, ಮ್ಯಾನೇಜರ್ ಅವಳ ಹಿಂದೆಯೇ ಬಂದು ನಿಂತಿದ್ದಾನೆ, ಅತ್ತರು ಮೊದಲು ಬಂತು ಮನುಷ್ಯ ಆಮೇಲೆ ಬಂದ, ಏನು ಮಾಡೋಕೆ ಹೊರಟಿದೀರಿ, ಸಂಜೆ ಕ್ಲಾಸಿನ ಲೆಕ್ಕ ಇಟ್ಕೊಂಡು ಲೋಡ್ ವಾಪಸ್ ಕರೆಸ್ತೀರಾ, ಹೆಂಗೂ ಬೇಯಿಸ್ತಾರಲ್ಲ, ಬೇಯಿಸಿದ್ರೆ ಎಲ್ಲಾ ಹೋಗುತ್ತೆ ಬಿಡಿ — ಬೇಯಿಸಿದ್ರೆ, ಆ ಮಾತು ಅವನ ಬಾಯಿಂದ ಬೆಚ್ಚಗೆ ಬಂದು ಅವಳ ಕತ್ತಿನ ಹಿಂಬದಿಗೆ ತಾಗಿತು, ಆ ನೂಲುಗಳೂ ಬೇಯುತ್ತವೆ, ಮೇಲೆ ನೊರೆ ಕಟ್ಟುತ್ತದೆ, ಯಾರೋ ಸೌಟಿನಿಂದ ಆ ನೊರೆ ತೆಗೆದು ಬದಿಗೆ ಹಾಕುತ್ತಾರೆ, ಯಾರಿಗೆ ಬಡಿಸುತ್ತಾರೆ, ಯಾರಿಗೆ ಅಂದರೆ — ನಿನ್ನೆ ಸಂಜೆ ಮನೆಯಲ್ಲಿ ಮೈದುನ ಒಬ್ಬರು ಮುದುಕರನ್ನು ಅಣಕಿಸಿ ತೋರಿಸಲಿಲ್ಲವೇ, ರುಜು ಹಾಕಿಸಲು ವಾರ್ಡಿನ ತನಕ ಹೋಗಿದ್ದನಂತೆ, ನರ್ಸ್ ಊಟ ತಿನ್ನಿಸುತ್ತಿದ್ದಳಂತೆ, ಕಣ್ಣು ಬಿಡೋದಿಲ್ಲ ಅತ್ತಿಗೆ, ಚಮಚ ಇನ್ನೂ ತಟ್ಟೇಲಿರುತ್ತೆ, ಇವರ ಬಾಯಿ ಆಗಲೇ ಆ ಅಂತ ತೆರೆದಿರುತ್ತೆ, ಗುಬ್ಬಚ್ಚಿ ಮರಿ ನೋಡಿ, ಎಂದು ಕಣ್ಣು ಮುಚ್ಚಿ ಬಾಯಿ ತೆರೆದು ತೋರಿಸಿದ, ಅವಳ ಗಂಡ ಬಿದ್ದು ಬಿದ್ದು ನಕ್ಕ, ಅವಳಿಗೂ ಕುಡಿಯುತ್ತಿದ್ದ ನೀರು ನೆತ್ತಿಗೇರಿತು. ಫೋನ್ ಹೊಡೆದುಕೊಳ್ಳುತ್ತಿದೆ, ಎತ್ತು, ಎತ್ತು ಮಾರಾಯ, ಗಾಡಿ ಬದಿಗೆ ಹಾಕಿ ಎತ್ತು, ಮ್ಯಾನೇಜರ್ ಕೆಳಗಿಡಿ ಅನ್ನುತ್ತಿದ್ದಾನೆ, ನಾಳೆಯಿಂದ ಬರೋದೇ ಬೇಡ ನೋಡಿ ಅನ್ನುತ್ತಿದ್ದಾನೆ, ಅವಳು ಇನ್ನೊಂದು ಕೈಯಿಂದ ಕಸ ಎಂದು ಬರೆದಿದ್ದ ಸಾಲಿಗೆ ಹೋಗಿ ಅಲ್ಪವಿರಾಮ, ಹದಿನಾರು ಸೇರಿಸಿದಳು, ಮೂರೇ ಒತ್ತಿನ ತಿದ್ದುಪಡಿ, ಪರದೆ ಒಮ್ಮೆ ಕಪ್ಪಾಗಿ ಕೆಂಪಾಯಿತು, ಏಳು ಪಾಯಿಂಟ್ ಏಳು, ಎಚ್ಚರಿಕೆಯ ಗಂಟೆ ಕಿರುಚತೊಡಗಿತು, ಅದರ ನಡುವೆ ಮೈದುನನ ದನಿ.

ಇಳಿಸಿ ಆಯ್ತಲ್ಲ ಅತ್ತಿಗೆ, ತೊಳೀತಾ ಇದಾರೆ, ಅಡುಗೆಯವರು ವಾಸನೆ ಅಂತ ತಕರಾರು ತೆಗೆದ್ರು, ನಮ್ಮತ್ತಿಗೆ ಕಂಪ್ಯೂಟರ್ ನೋಡ್ಕೊಳ್ಳೋದು, ಅವರು ಸುಳ್ಳು ಹೇಳಲ್ಲ ಅಂತ ನಾನೇ ಸಮಾಧಾನ ಮಾಡಿದೆ — ಒಲೆ ಹಚ್ಚಬೇಡಿ ಅನ್ನು, ಅವಳು ಹೇಳಿದಳು, ದನಿ ತನ್ನದೇ ಅನ್ನಿಸಲಿಲ್ಲ, ಎಲ್ಲಾ ಚೆಲ್ಲಿಸು, ನಾನು ಹೇಳಿದೆ ಅನ್ನು, ಲೆಕ್ಕ ತಪ್ಪಿದ್ದು ನಾನು ಅನ್ನು. ಅವನು ಯಾರಿಗೋ ಕೂಗಿ ಹೇಳಿದ, ಪಾತ್ರೆಯ ಸದ್ದು, ನೀರು ನಿಂತ ಸದ್ದು, ನಿಲ್ಲಿಸಿದರು, ಇವತ್ತಿನದು ನಿಂತಿತು, ಅಬ್ಬ, ಮ್ಯಾನೇಜರ್ ಇನ್ನೂ ಏನೋ ಹೇಳುತ್ತಲೇ ಇದ್ದಾನೆ, ಹೇಳಲಿ, ಅತ್ತರಿನ ಬಾಯಿ, ಅವಳು ಉಸಿರು ಬಿಟ್ಟಳು, ಆಗ ಮೈದುನ ಮೆಲ್ಲಗೆ, ಅಣಕಿಸುವ ದನಿಯಲ್ಲ, ಚಿಕ್ಕ ಹುಡುಗನ ದನಿ, ಅತ್ತಿಗೆ, ನಿನ್ನೆದೂ ಇದೇ ರೂಮಿಂದಲ್ವಾ. ಇದೇ ಕೋಣೆ, ಇದೇ ಹಸಿರು, ನಿನ್ನೆಯೂ 49, 4A, 49, ಅವಳು ನೋಡಬೇಕಿಲ್ಲ, ಗೊತ್ತು, ನಿನ್ನೆಯದು ಬೆಂದಾಗಿದೆ, ಬಡಿಸಿಯಾಗಿದೆ, ಆ ವಾರ್ಡಿಗೆ ಫೋನ್ ಮಾಡಬೇಕು, ಡಾಕ್ಟರಿಗೆ ಹೇಳಬೇಕು, ಯಾರು ಯಾರು ತಿಂದರು ಕೇಳಬೇಕು, ನಂಬರು ಕೊಡು ಅನ್ನಬೇಕು, ಆ ಮುದುಕರ ಕಣ್ಣು ಬಿಡದ ಮುಖ, ಚಮಚ ಇನ್ನೂ ತಟ್ಟೆಯಲ್ಲಿ, ಗುಲಾಬಿ ವಸಡು, ಯಾರು ಕೊಟ್ಟರೂ ಏನು ಕೊಟ್ಟರೂ ಸರಿ ಎಂದು ಮೊದಲೇ ತೆರೆದುಕೊಂಡ, ತೆರೆದ ಬಾಯಿ, ಚಮಚ ಮೇಲೇಳುತ್ತಿದೆ, ತೆರೆದ ಬಾಯಿ