ಹತ್ತು ನಿಮಿಷದ ಪರೀಕ್ಷೆ

ಆಳಂದದ ಶರಣಕುಮಾರ ಮದುವೆ ವಿಡಿಯೊ ತೆಗೆಯುವವನು. ಸೀಜನ್ನಿನಲ್ಲಿ ಅವನಿಗೆ ಪುರಸೊತ್ತಿಲ್ಲ ಎನ್ನುವುದು ಖರೆ, ಆದರೆ ಆ ಗಡಿಬಿಡಿಯನ್ನು ಕಂಪ್ಯೂಟರಿಗೂ ಅಂಟಿಸಬೇಕಿತ್ತೇ? ಚಳಿಗಾಲದಲ್ಲಿ ಅದರ ಪ್ರೊಸೆಸರಿನ ವೇಗ ಏರಿಸಿದ. ಮೂರು ತಾಸಿನ ಕೆಲಸ ಎರಡೇ ತಾಸಿಗೆ ಮುಗಿದದ್ದೇ ತಡ, ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ.

ಏಪ್ರಿಲ್ ಬಿಸಿಲಿಗೆ ಪರದೆ ನೀಲಿಯಾಗಿ ಮಷೀನು ತಾನೇ ಬಂದಾಗತೊಡಗಿತು. ಪ್ರೊಸೆಸರಿನ ವೋಲ್ಟೇಜು ಹೆಚ್ಚಿಸಿದರೆ ಕೈ ಇಡಲಾಗದಷ್ಟು ಕಾಯುತ್ತಿತ್ತು, ಇಳಿಸಿದರೆ ಮತ್ತೆ ನೀಲಿ. ನಡುವಿನ ಒಂದು ಅಂಕಿ ಹಿಡಿದು, ಹತ್ತು ನಿಮಿಷ ಪರೀಕ್ಷೆಯ ಪ್ರೋಗ್ರಾಮು ಓಡಿಸಿದ. ಪಾಸಾಯಿತು. ಕಲಬುರ್ಗಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಗೆಳೆಯ ವಿಕ್ರಮ ಫೋನಿನಲ್ಲೇ ಬೈದ.

"ಹತ್ತು ನಿಮಿಷಕ್ಕ ಏನ್ ತಿಳೀತದಲೇ? ಬಿಸಿಲಾಗ ಇಡೀ ದಿನ ಓಡ್ಸಿ ನೋಡು. ಬಂದಾಗಲಿಲ್ಲ ಅಂದ್ರ ಸರಿ ಅದ ಅಂತಲ್ಲ, ಒಳಗೊಳಗೇ ತಪ್ಪು ಮಾಡ್ತಿರತದ. ಅಲ್ಲೀತನಕ ವೇಗ ಇಳ್ಸಿ ಇಡು."

"ನಾಳಿ ಭೂಸನೂರಾಗ ಮದಿವಿ ಅದ. ಆಮ್ಯಾಲೆ ನೋಡ್ತೇನಿ."

ಅದು ಗೌರಾಬಾಯಿಯ ಮಗಳು ಭಾಗ್ಯಾಳ ಮದುವೆ. ಗಂಡನ ಹೆಸರು ಸೇರಿಸಿ ಒಡಪು ಹೇಳೆಂದು ಹೆಂಗಸರು ಗಂಟುಬಿದ್ದಾಗ ಭಾಗ್ಯಾ ನಾಚಿ, ನಕ್ಕು, ತಾನೇ ಕಟ್ಟಿದ್ದೊಂದನ್ನು ಹೇಳಿದ್ದಳು. ಗೌರಾಬಾಯಿ ಆಗ ಒಳಗೆ ಬೀಗರ ಊಟದ ಏರ್ಪಾಟಿನಲ್ಲಿದ್ದಳು. ಮರುದಿನ ಶರಣಕುಮಾರ ಅಷ್ಟೂ ವಿಡಿಯೊವನ್ನು ಚಿಕ್ಕ ಫೈಲಾಗಿ ಮಾಡಿ, ಮೊದಲ ಐದು ನಿಮಿಷ, ಕೊನೆಯ ಐದು ನಿಮಿಷ ನೋಡಿ, ಮುಂದಿನ ಮದುವೆಗೆಂದು ಕ್ಯಾಮರಾದ ಕಾರ್ಡು ಖಾಲಿ ಮಾಡಿಕೊಂಡ. ಸೀಜನ್ನಿನಲ್ಲಿ ಅವನದು ಅದೇ ರೂಢಿ.

ತಿಂಗಳೊಪ್ಪತ್ತಿನಲ್ಲಿ ಭಾಗ್ಯಾ ಜ್ವರ ಬಂದು ತೀರಿಕೊಂಡಳು.

"ಅಕಿ ಒಡಪು ಹೇಳಿದ್ದು ನಾ ಕೇಳಿಲ್ರಿ," ಎಂದಳು ಗೌರಾಬಾಯಿ ಫೋನಿನಲ್ಲಿ. "ಅದೊಂದು ತೋರಿಸ್ರಿ, ಸಾಕು. ಐತವಾರ ಬರ್ತೇನಿ."

ಶರಣಕುಮಾರ ಫೈಲು ತೆರೆದು ಓಡಿಸಿದ. ಒಡಪಿನ ಹೊತ್ತಿಗೆ ಸರಿಯಾಗಿ ಭಾಗ್ಯಾಳ ಮುಖ ಹಸಿರು ಚೌಕಗಳಾಗಿ ಒಡೆಯಿತು, ದನಿ ಬರೀ ಕರಕರ. ಮಷೀನೇ ತಪ್ಪಾಗಿ ತೋರಿಸುತ್ತಿರಬೇಕೆಂದು ಆಸೆಪಟ್ಟ. ವೇಗ ಮೊದಲಿನಷ್ಟಕ್ಕೆ ಇಳಿಸಿದ, ವೋಲ್ಟೇಜು ಮೊದಲಿನಂತೆ ಬಿಟ್ಟ, ಮಟಮಟ ಬಿಸಿಲಲ್ಲಿ ಇಡೀ ದಿನ ಪರೀಕ್ಷೆ ಓಡಿಸಿದ. ಒಂದೂ ತಪ್ಪಿಲ್ಲ. ಅಂಥ ಗಟ್ಟಿ ಮಷೀನು ಆಳಂದದಲ್ಲಿ ಇನ್ನೊಂದಿರಲಿಲ್ಲ. ಫೈಲು ಹಾಕಿದರೆ ಮತ್ತದೇ ಹಸಿರು ಚೌಕ. ಮಾಡುವಾಗಲೇ ಕೆಟ್ಟದ್ದು ಈಗ ಹೇಗೆ ಸರಿಯಾದೀತು? ಕಾರ್ಡಿನ ಮೇಲೆ ಅಷ್ಟರಲ್ಲಿ ನಾಲ್ಕು ಮದುವೆ ತುಂಬಿದ್ದವು.

ಐತವಾರ ಗೌರಾಬಾಯಿ ಪರದೆಯ ಮುಂದೆ ಕೂತಳು. ಮಗಳು ನಾಚಿದ್ದು ಕಂಡಿತು, ನಕ್ಕಿದ್ದು ಕಂಡಿತು. ಆಮೇಲೆ ಚೌಕಗಳು.

"ಮತ್ತೊಮ್ಮೆ ಹಚ್ರಿ."

ನಾಲ್ಕು ಸಲ ಹಚ್ಚಿದ. ಐದನೆಯ ಸಲಕ್ಕೆ ಅವನಿಂದ ಆಗಲಿಲ್ಲ. "ಯವ್ವಾ, ತಪ್ಪು ನಂದೇ ಅದ. ಮಷೀನ್ ಸರಿ ಇಲ್ಲಂತ ಗೊತ್ತಿದ್ದೂ ಮಾಡಿದೆ. ಇದು ಇನ್ನ ಸರಿ ಆಗಂಗಿಲ್ರಿ."

ಗೌರಾಬಾಯಿ ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ಅಕಿ ದನಿ ಸಣ್ಣದು. ಗದ್ದಲದಾಗ ಯಾರಿಗೂ ಕೇಳಿಲ್ಲ ಅಂತಾರ," ಎಂದಳು. "ನೀವು ಅಕಿ ಮುಂದೇ ನಿಂತಿದ್ರಂತ, ಹೆಡ್‌ಫೋನು ಕಿವಿಗೆ ಹಚ್ಕೊಂಡು ಕೇಳಾಕತ್ತಿದ್ರಂತ. ಏನಂದ್ಳು, ನೀವಾರ ಹೇಳ್ರಿ."

ಭಾಗ್ಯಾಳ ನತ್ತು ಹೊಳೆದದ್ದು ಶರಣಕುಮಾರನಿಗೆ ನೆನಪಿತ್ತು. ತುಟಿ ಅಲುಗಿದ್ದು ನೆನಪಿತ್ತು. ಮಾತು ಒಂದೂ ನೆನಪಿರಲಿಲ್ಲ.