ಬಾಯಾರಿದ ಚಾಂಪಿಯನ್

ಪೆರಂಬೂರಿನ ರೈಲ್ವೆ ಮೈದಾನಕ್ಕೆ ಬೆಳಿಗ್ಗೆ ಓಡಲು ಬರುವವರಿಗೆಲ್ಲ ಮುರಿಗೆಪ್ಪನವರು ಗೊತ್ತು. ತಮಿಳರ ಬಾಯಲ್ಲಿ ಅವರ ಹೆಸರು ಎಂದೋ ಮುರುಗಪ್ಪ ಆಗಿಹೋಗಿತ್ತು. ತಿದ್ದುವುದನ್ನು ಅವರೂ ಬಿಟ್ಟಿದ್ದರು. ವಯಸ್ಸು ಅರವತ್ತು ದಾಟಿದ್ದರೂ ಬೆನ್ನು ನೆಟ್ಟಗಿತ್ತು. ಮೂಗು ಮಾತ್ರ ಮುರಿದು ಎಡಕ್ಕೆ ವಾಲಿತ್ತು. ಬಾಕ್ಸಿಂಗ್ ಕಲಿಯಲು ಬರುವ ಹುಡುಗ ಹುಡುಗಿಯರು ಮೊದಲು ಅವರ ಕಾಲು ಮುಟ್ಟಿ ಆಮೇಲೆ ಗ್ಲೌಸ್ ಹಾಕಿಕೊಳ್ಳುತ್ತಿದ್ದರು.

ಅವರು ನವಲಗುಂದದ ಕಡೆಯವರು. ಹುಬ್ಬಳ್ಳಿಯ ರೈಲ್ವೆ ಇನ್‌ಸ್ಟಿಟ್ಯೂಟಿನಲ್ಲಿ ಒಬ್ಬ ಆಂಗ್ಲೋ ಇಂಡಿಯನ್ ಡ್ರೈವರ್ ಕೈಯಲ್ಲಿ ಬಾಕ್ಸಿಂಗ್ ಕಲಿತು, ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕಿ, ಮೀಸೆ ಸರಿಯಾಗಿ ಮೂಡುವ ಮೊದಲೇ ಮದರಾಸಿಗೆ ಬಂದರು. ಬ್ಯಾಂಟಮ್ ತೂಕದಲ್ಲಿ ಎರಡು ಸಲ ರಾಷ್ಟ್ರೀಯ ಚಾಂಪಿಯನ್ ಆದರು. ಅವರ ಎಡಗೈ ಹೊರಟದ್ದು ಕಾಣುವುದಿಲ್ಲ, ಬಂದು ತಾಗಿದ್ದು ಮಾತ್ರ ಗೊತ್ತಾಗುತ್ತದೆ ಎಂದು ಅಂದಿನ ಎದುರಾಳಿಗಳು ಹೇಳುತ್ತಿದ್ದರು.

ಆ ಕಾಲದ ಸಾಧನೆಯ ಕತೆಗಳನ್ನು ಅವರು ಮಕ್ಕಳಿಗೆ ಹೇಳುವಾಗ ಕೇಳಬೇಕು. ಬ್ಯಾಂಟಮ್ ಎಂದರೆ ಐವತ್ನಾಲ್ಕು ಕೆಜಿ. ಅವರ ಮೈ ಸಹಜವಾಗಿ ಅರವತ್ತರ ಹತ್ತಿರದ್ದು. ಪಂದ್ಯಾವಳಿ ಬಂತೆಂದರೆ ಮೈಗೆ ರಬ್ಬರ್ ಶೀಟು ಸುತ್ತಿ, ಅದರ ಮೇಲೆ ಮಳೆಕೋಟು ತೊಟ್ಟು, ವರ್ಕ್‌ಶಾಪಿನ ಬಾಯ್ಲರಿನ ಪಕ್ಕ ಕೂತುಬಿಡುತ್ತಿದ್ದರು. ನೀರು ಮುಟ್ಟುತ್ತಿರಲಿಲ್ಲ. ಹುಣಸೆಹಣ್ಣು ಬಾಯಲ್ಲಿಟ್ಟುಕೊಂಡು, ಬಂದ ಜೊಲ್ಲನ್ನೆಲ್ಲ ಉಗುಳುತ್ತಿದ್ದರು, ಅದೂ ತೂಕವೇ. ಮಿಕ್ಕ ದಿನಗಳಲ್ಲಿ ಹಸಿ ಮೊಟ್ಟೆ ಕುಡಿಯುತ್ತಿದ್ದರು, ಅದೂ ಮನೆಯಾಚೆ, ಹೆಂಡತಿ ಸುಮಿತ್ರಮ್ಮ ಅದನ್ನು ಅಡುಗೆಮನೆಯ ಹೊಸಿಲು ದಾಟಲು ಬಿಡುತ್ತಿರಲಿಲ್ಲವಾದ್ದರಿಂದ. ರಜೆ ಎಂಬುದಿರಲಿಲ್ಲ. ತಲೆ ಗಟ್ಟಿಯಾಗಲೆಂದು ದಿನವೂ ತಲೆಗೆ ಹೊಡೆಸಿಕೊಳ್ಳುತ್ತಿದ್ದರು.

“ನೀರು ಕುಡದ್ರ ಮೈ ಸಡ್ಲ ಆಕ್ಕೈತಿ,” ಎನ್ನುತ್ತಿದ್ದರು. “ಬಾಯಾರಿದ ಹುಲಿನ ಬ್ಯಾಟಿ ಆಡೂದು.”

ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಬಾಯಿ ತೆರೆದು ಕೇಳಿದವಳು ಅವರ ಮೊಮ್ಮಗಳು ತೇಜಶ್ರೀ.

ಒಂದು ಕತೆಯನ್ನು ಮಾತ್ರ ಅವರು ಚುಟುಕಾಗಿ ಮುಗಿಸುತ್ತಿದ್ದರು. ಹೊರದೇಶದ ದೊಡ್ಡ ಪಂದ್ಯಾವಳಿಗೆ ತಂಡ ಆರಿಸಲು ದಿಲ್ಲಿಯಲ್ಲಿ ನಡೆದ ಕೊನೆಯ ಪಂದ್ಯ ಅದು. ಎದುರಾಳಿ ಸೇನೆಯ ಗುರುಚರಣ. ಎರಡು ಸುತ್ತು ಮುಗಿದಾಗ ಮುರಿಗೆಪ್ಪ ಮುಂದಿದ್ದರು. ಮೂರನೆಯದರಲ್ಲಿ ಕಾಲುಗಳು ಕಟ್ಟಿಹಾಕಿದಂತಾದವು. ಎರಡು ಸಲ ಬಿದ್ದರು, ಎರಡು ಸಲವೂ ಎದ್ದರು, ಸೋತರು. ತಂಡದಲ್ಲಿ ಗುರುಚರಣ ಹೋದ. “ಹಣೇಬರಹ,” ಎಂದು ಹೇಳಿ ಅವರು ಮಾತು ಬದಲಿಸುತ್ತಿದ್ದರು.

ತೇಜಶ್ರೀ ಅಜ್ಜನ ಎಡಗೈಯನ್ನು ಪಡೆದುಕೊಂಡೇ ಹುಟ್ಟಿದ್ದಳು. ಅಪ್ಪ ಶಿವಕಿರಣ್‌ಗೆ ಬ್ಯಾಂಕಿನ ಕೆಲಸ, ಆಟದ ಗೊಡವೆಯಿಲ್ಲ. ಮೊಮ್ಮಗಳಿಗೆ ಮೊದಲ ಪಾಠ ಹೇಳಿಕೊಟ್ಟವರು ಅಜ್ಜನೇ. ಕಾಲೇಜಿಗೆ ಸೇರಿದ ಮೇಲೆ ಅವಳನ್ನು ಬಿಂದುವಿಗೆ ಒಪ್ಪಿಸಿದರು.

ಬಿಂದು ಬೇರೆಯವಳಲ್ಲ. ಟಿ. ನಗರದ ಕನ್ನಡ ಮನೆತನದ ಹುಡುಗಿ. ಹತ್ತನೇ ತರಗತಿಯಲ್ಲಿ ಎರಡು ಬಸ್ಸು ಬದಲಿಸಿ ಪೆರಂಬೂರಿಗೆ ಬಂದು ಮುರಿಗೆಪ್ಪನವರ ಬಳಿಯೇ ಕಲಿತಿದ್ದಳು. ಮೈಸೂರಿನ ಅಜ್ಜಿಯ ಕನ್ನಡವನ್ನು ತಮಿಳಿನ ಜೊತೆ ಕಲಸಿ ಆಡುತ್ತಿದ್ದಳು. ಬಾಕ್ಸಿಂಗ್ ಆಡುವುದನ್ನು ನಿಲ್ಲಿಸಿದ ಮೇಲೆ ಕ್ರೀಡಾ ವಿಜ್ಞಾನ ಓದಿ ಈಗ ಹುಡುಗಿಯರ ಕೋಚ್ ಆಗಿದ್ದಳು. ಅವಳ ಬಳಿ ಕಲಿಯುವ ಮಕ್ಕಳು ಅಭ್ಯಾಸದ ನಡುವೆ ನೀರು ಕುಡಿಯುತ್ತಿದ್ದರು, ವಾರಕ್ಕೊಂದು ದಿನ ರಜೆ ಮಾಡುತ್ತಿದ್ದರು, ಹೆಲ್ಮೆಟ್ ಹಾಕಿ ಮೆಲ್ಲಗೆ ಹೊಡೆದಾಡುತ್ತಿದ್ದರು. ಮುರಿಗೆಪ್ಪನವರು ನೋಡಿ ಮೀಸೆಯಡಿ ನಗುತ್ತಿದ್ದರು. ಆದರೂ ಬಿಂದುವಿನ ಮುಂದೆ ಒಂದು ಮಾತೂ ಆಡಿದವರಲ್ಲ. ತಾವೇ ಒಪ್ಪಿಸಿದ ಮೇಲೆ ಅಡ್ಡ ಬಾಯಿ ಹಾಕುವುದು ಸರಿಯಲ್ಲವೆಂಬುದು ಅವರ ನಿಯಮ.

ಆ ನಿಯಮ ಮುರಿದದ್ದು ರಾಜ್ಯಮಟ್ಟದ ಪಂದ್ಯಾವಳಿಯ ವಾರದಲ್ಲಿ. ತೇಜಶ್ರೀ ಐವತ್ನಾಲ್ಕು ಕೆಜಿಗೆ ಹೆಸರು ಕೊಟ್ಟಿದ್ದಳು. ಅಜ್ಜನ ತೂಕ ಎಂದೇ ಅವಳಿಗೆ ಅದರ ಮೇಲೆ ಮೋಹ. ಐವತ್ತೇಳಕ್ಕೆ ಹೋಗು ಎಂದು ಬಿಂದು ಹೇಳಿದ್ದರೂ ಕೇಳಿರಲಿಲ್ಲ. ದಿನ ಹತ್ತಿರ ಬಂದಾಗ ಮೈ ಎರಡು ಕೆಜಿ ಹೆಚ್ಚಿತ್ತು.

“ಅಜ್ಜಾ, ನೀನು ಹೇಗೆ ಇಳಿಸ್ತಿದ್ದೆ? ಸರಿಯಾಗಿ ಹೇಳು,” ಎಂದಳು.

ಅವರು ಹೇಳಿದರು. ಮೊಮ್ಮಗಳು ತನ್ನ ದಾರಿ ಕೇಳಿದಳೆಂಬ ಹಿಗ್ಗಿನಲ್ಲಿ ಪೆಟ್ಟಿಗೆಯಿಂದ ಹಳೆಯ ಮಳೆಕೋಟನ್ನೂ ತೆಗೆದುಕೊಟ್ಟರು.

ಏಪ್ರಿಲ್ ಬಿಸಿಲಿನಲ್ಲಿ, ಕಾದ ತಾರಸಿಯ ಮೇಲೆ, ಮಳೆಕೋಟು ತೊಟ್ಟು ತೇಜಶ್ರೀ ಹಗ್ಗ ಜಿಗಿದಳು. ನೀರು ಬಿಟ್ಟಳು. ಅಮ್ಮ ಕೇಳಿದರೆ ಕಾಲೇಜಿನಲ್ಲಿ ಉಂಡೆ ಎಂದಳು. ತೂಕ ನೋಡುವ ದಿನದ ಬೆಳಿಗ್ಗೆ ಮನೆಯ ತಕ್ಕಡಿ ಸರಿಯಾಗಿ ಐವತ್ನಾಲ್ಕು ತೋರಿಸಿತು. ಅವಳು ಅಜ್ಜನಿಗೆ ಹೆಬ್ಬೆರಳೆತ್ತಿ ತೋರಿಸಿದಳು. ಶೂ ಹಾಕಿಕೊಳ್ಳಲು ಬಗ್ಗಿದವಳು ಹಾಗೆಯೇ ನೆಲಕ್ಕೆ ಕೂತಳು. ಮೀನಖಂಡ ಕಲ್ಲಿನಂತೆ ಗಂಟುಕಟ್ಟಿತ್ತು. ತುಟಿ ಬಿಳಿಚಿ ಒಡೆದಿತ್ತು.

“ಒಣ್ಣುಂ ಇಲ್ಲ ಅಜ್ಜಾ, ಏನೂ ಆಗಿಲ್ಲ,” ಎಂದಳು. ನಾಲಿಗೆ ತೊಡರುತ್ತಿತ್ತು.

ಸುಮಿತ್ರಮ್ಮ ವಿಭೂತಿ ಗಟ್ಟಿ ಕೈಯಲ್ಲಿ ಹಿಡಿದೇ ಪೂಜೆಯಿಂದೆದ್ದು ಬಂದರು. ಮೊಮ್ಮಗಳ ಮುಖ ನೋಡಿದರು. ಆಮೇಲೆ ಗಂಡನ ಮುಖ ನೋಡಿದರು.

“ಈ ಮಾರಿ ನಾ ಒಮ್ಮಿ ನೋಡೀನಿ,” ಎಂದರು. “ನೀವು ದಿಲ್ಲಿಯಿಂದ ಬಂದ ದಿನ, ಸೆಂಟ್ರಲ್ ಸ್ಟೇಷನ್ನಾಗ.”

“ಈಗ್ಯಾಕ ಆ ಮಾತು?”

“ಈಗ ಅಲ್ದ ಇನ್ಯಾವಾಗ್ರಿ?”

ಅಷ್ಟರಲ್ಲಿ ಪಂದ್ಯಾವಳಿಗೆ ಕರೆದೊಯ್ಯಲು ಬಿಂದು ಕಾರು ತಂದಿದ್ದಳು. ಒಳಗೆ ಬಂದವಳು ತೇಜಶ್ರೀಯ ಕೈ ಹಿಡಿದು, ಚರ್ಮವನ್ನು ಮೆಲ್ಲಗೆ ಎಳೆದು ಬಿಟ್ಟಳು. ಚರ್ಮ ಎತ್ತಿದಲ್ಲೇ ನಿಂತಿತು. ಕುರ್ಚಿಯ ಮೇಲಿದ್ದ ಮಳೆಕೋಟನ್ನು ನೋಡಿ ಅವಳಿಗೆ ಎಲ್ಲ ಅರ್ಥವಾಯಿತು. ಅವಳು ಬೈಯಲಿಲ್ಲ. ಬೈಯಬೇಕೆಂದರೆ ತನ್ನ ಗುರುಗಳನ್ನೇ ಬೈಯಬೇಕಾಗಿತ್ತು.

ಸುಮಿತ್ರಮ್ಮನೇ ಅವಳಿಗೆ ಹೇಳಿದರು. ಆ ಸಲ ಗಂಡನನ್ನು ಇಬ್ಬರು ಹಿಡಿದು ರೈಲಿನಿಂದ ಇಳಿಸಿದ್ದರು. ಮೂತ್ರದಲ್ಲಿ ರಕ್ತ ಬರುತ್ತಿತ್ತು. ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ನರ್ಸ್ ಕೊಟ್ಟ ನೀರನ್ನು, ತೂಕ ಏರುತ್ತದೆಂದು, ಬೇಡವೆಂದಿದ್ದರು. ಈಗ ಒಂದು ಮೂತ್ರಪಿಂಡ ಅರ್ಧವೇ ಕೆಲಸ ಮಾಡುತ್ತದೆ. ಕಾಫಿ ಲೋಟ ಹಿಡಿದರೆ ಕೈ ನಡುಗುತ್ತದೆ.

ಬಿಂದು ಮುರಿಗೆಪ್ಪನವರ ಮುಂದೆ ನೆಲದ ಮೇಲೆ ಕೂತಳು.

“ಸರ್, ದಿಲ್ಲಿಗೆ ಹೋದಾಗ ಎಷ್ಟು ಕೆಜಿ ಇಳಿಸಿದ್ರಿ?”

“ಆರು. ಒಂದು ವಾರದಾಗ.”

“ಅದರಲ್ಲಿ ಜಾಸ್ತಿ ನೀರೇ ಹೋಗಿರುತ್ತೆ ಸರ್. ರಕ್ತ ಗಟ್ಟಿಯಾಗುತ್ತೆ, ಕಾಲಿಗೆ ಸರಿಯಾಗಿ ಹೋಗಲ್ಲ. ಎರಡು ಸುತ್ತು ಹೇಗೋ ತಳ್ಳಬಹುದು. ಮೂರನೇದರಲ್ಲಿ ಕಾಲು ನಿಲ್ಲುತ್ತೆ. ನಾನು ಅಲ್ಲಿರಲಿಲ್ಲ, ಖಂಡಿತ ಹೀಗೇ ಅಂತ ಹೇಳಕ್ಕಾಗಲ್ಲ. ಆದರೆ ನಿಮ್ಮನ್ನ ಗುರುಚರಣ ಸೋಲಿಸಿದ್ರು ಅಂತ ನನಗನ್ನಿಸಲ್ಲ. ರಿಂಗಿಗೆ ಹತ್ತೋಕೆ ಮುಂಚೇನೇ ಅರ್ಧ ಸೋತಿದ್ರಿ. ಆ ಸ್ಥಿತಿಯಲ್ಲಿ ಎರಡು ಸಲ ಬಿದ್ದು ಎರಡು ಸಲ ಎದ್ರಲ್ಲ, ಅದು ಹೇಗೆ ಸಾಧ್ಯ ಆಯ್ತು ಅನ್ನೋದೇ ನನಗೆ ಗೊತ್ತಾಗಲ್ಲ.”

ಮುರಿಗೆಪ್ಪನವರು ಕೈಚಾಚಿ ಮಳೆಕೋಟನ್ನು ತೊಡೆಯ ಮೇಲೆಳೆದುಕೊಂಡು ಮಡಿಚಿಟ್ಟರು. ಬೀದಿಯಲ್ಲಿ ಹೂವಿನವಳು ಕೂಗಿಕೊಂಡು ಹೋದಳು.

“ನನಗೆ ಹಾಗೇನೂ ಆಗಿಲ್ಲ,” ಎಂದಳು ತೇಜಶ್ರೀ. ಗೋಡೆ ಹಿಡಿದು ಎದ್ದು ನಿಂತಿದ್ದಳು. “ತೂಕ ಸರಿ ಇದೆ. ಹೋಗೋಣ ಅಕ್ಕಾ, ಲೇಟಾಗುತ್ತೆ. ಅಜ್ಜ ಮಾಡಿದ್ದನ್ನೇ ನಾನೂ ಮಾಡಿದೀನಿ.”

ಮುರಿಗೆಪ್ಪನವರು ಎದ್ದು ಅಡುಗೆಮನೆಗೆ ಹೋದರು. ದೊಡ್ಡ ತಂಬಿಗೆಯ ತುಂಬ ನೀರು, ಅದಕ್ಕೆ ಉಪ್ಪು, ಸಕ್ಕರೆ ಹಾಕಿ ಕಲಸಿಕೊಂಡು ಬಂದು ಮೊಮ್ಮಗಳ ಮುಂದೆ ಹಿಡಿದರು. ಕೈ ನಡುಗಿ ನೀರು ನೆಲಕ್ಕೆ ಚೆಲ್ಲುತ್ತಿತ್ತು.

“ಕುಡಿ.”

“ಕುಡಿದ್ರೆ ತೂಕ ತಪ್ಪುತ್ತೆ!”

“ತಪ್ಪಲಿ.”

“ನೀನೇ ಹೇಳಿಕೊಟ್ಟೆಯಲ್ಲ ಅಜ್ಜಾ! ನೀನು ಮಾಡಿದ್ದೆಯಲ್ಲ!”

“ಮಾಡಿದ್ನಿ ಮಗಾ. ಅದಕ್ಕ ಸೋತ್ನಿ.”

ನಲವತ್ತು ವರ್ಷಗಳಲ್ಲಿ ಆ ಮನೆಯಲ್ಲಿ ಯಾರೂ ಕೇಳಿರದ ಮಾತು ಅದು. ಸುಮಿತ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ತೇಜಶ್ರೀ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಅಳುತ್ತಲೇ ಗುಟುಕು ಗುಟುಕಾಗಿ ಕುಡಿದಳು. ಪಂದ್ಯಾವಳಿ ಅವಳಿಲ್ಲದೆ ನಡೆಯಿತು. ಅವಳು ಅಜ್ಜನ ಜೊತೆ ನಾಲ್ಕು ದಿನ ಮಾತು ಬಿಟ್ಟಳು. ಐದನೆಯ ದಿನ ತಾನಾಗಿಯೇ ಮೈದಾನಕ್ಕೆ ಹೊರಟಳು. ಮುಂದಿನ ವರ್ಷ ಐವತ್ತೇಳು ಕೆಜಿ ಎಂದು ಬಿಂದುವಿಗೆ ತಾನೇ ಹೇಳಿದಳು.

ಮುರಿಗೆಪ್ಪನವರಿಗೆ ಮಾತ್ರ ನೆಮ್ಮದಿ ಇರಲಿಲ್ಲ. ಒಂದು ಸಂಜೆ ಬಿಂದುವನ್ನು ಕರೆದು, “ಆ ಗುರುಚರಣ ಅದಾನೇನು ನೋಡವ್ವಾ? ಅವನ ಫೋನ್ ನಂಬರ್ ಸಿಗತೈತೇನು?” ಎಂದು ಕೇಳಿದರು. ಸೇನೆಯ ಕೋಚುಗಳಲ್ಲಿ ಅವಳಿಗೆ ಪರಿಚಯವಿತ್ತು. ಗುರುಚರಣ ಪಟಿಯಾಲದಲ್ಲಿ ಮಗನ ಜೊತೆಗಿದ್ದರು. ಒಂದು ಕಣ್ಣು ಹೋಗಿತ್ತು, ದನಿ ಗಟ್ಟಿಯಾಗಿಯೇ ಇತ್ತು.

ಇಬ್ಬರೂ ಹಿಂದಿಯಲ್ಲಿ ಮಾತಾಡಿದರು. ಮುರಿಗೆಪ್ಪನವರದು ರೈಲ್ವೆ ಹಿಂದಿ. ಹೆಸರು ಹೇಳುವುದೇ ತಡ, ಆ ಕಡೆಯಿಂದ ದೊಡ್ಡ ನಗು ಬಂತು.

“ಮದರಾಸಿನ ಎಡಗೈ! ಇನ್ನೂ ಬದುಕಿದ್ದೀಯೇನಯ್ಯಾ!”

ಸ್ವಲ್ಪ ಹೊತ್ತು ಮಕ್ಕಳು ಮೊಮ್ಮಕ್ಕಳ ವಿಚಾರವಾಯಿತು. ಆಮೇಲೆ ಮುರಿಗೆಪ್ಪನವರು ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡಿದ್ದನ್ನು ಕೇಳಿದರು.

“ಅವತ್ತು ನೀನು ಎಷ್ಟು ಇಳಿಸಿದ್ದೆ?”

ಆ ಕಡೆ ನಗು ನಿಂತಿತು. “ಎರಡು ದಿನ ಹನಿ ನೀರು ಕುಡಿದಿರಲಿಲ್ಲ. ಹೊದಿಕೆ ಹೊದ್ದು ಒಲೆ ಪಕ್ಕ ಮಲಗಿದ್ದೆ. ನಿಜ ಹೇಳಲಾ? ಮೂರನೇ ಸುತ್ತಿನಲ್ಲಿ ನಿನ್ನ ಮುಖ ನನಗೆ ಕಾಣುತ್ತಲೇ ಇರಲಿಲ್ಲ. ಕಣ್ಣೆಲ್ಲ ಕತ್ತಲೆ. ನಿನ್ನ ಏದುಸಿರು ಎತ್ತ ಕೇಳಿಸಿತೋ ಅತ್ತ ಹೊಡೆದೆ. ಇನ್ನರ್ಧ ನಿಮಿಷ ನೀನು ನಿಂತಿದ್ದರೆ ನಾನೇ ಬೀಳುತ್ತಿದ್ದೆ.”

“ಹೊರದೇಶದಲ್ಲಿ ಏನಾಯಿತು?”

“ಮೊದಲ ಪಂದ್ಯದಲ್ಲೇ ಸೋತು ಹೊರಬಿದ್ದೆ. ನನ್ನ ಎದುರಿನ ಹುಡುಗ ಅಭ್ಯಾಸದ ನಡುವೆ ಬಾಟಲಿ ಎತ್ತಿ ನೀರು ಕುಡಿಯುತ್ತಿದ್ದ. ನಮ್ಮ ಕೋಚ್ ನೋಡಿ, ಇವನಲ್ಲಿ ದಮ್ಮಿಲ್ಲ ಅಂತ ನಕ್ಕರು. ನಾನೂ ನಕ್ಕೆ. ಆ ಹುಡುಗ ಮೂರನೇ ಸುತ್ತಿಗೆ ಆಗಷ್ಟೇ ಹಾಸಿಗೆಯಿಂದ ಎದ್ದವನ ಹಾಗೆ ಕುಣಿದುಕೊಂಡು ಬಂದ.”

ಕೋಚುಗಳನ್ನು ಬೈಯೋಣವೆಂದರೆ ಇಬ್ಬರಿಗೂ ಬಾಯಿ ಬರಲಿಲ್ಲ. ತಮಗೆ ಗೊತ್ತಿದ್ದದ್ದನ್ನು ಪ್ರೀತಿಯಿಂದಲೇ ಕಲಿಸಿದ್ದ ಜನ ಅವರು.

“ಹಾಗಾದರೆ ಗುರುಚರಣ, ನಾವಿಬ್ಬರೂ ಸರಿಯಾಗಿ ಆಡಿಯೇ ಇಲ್ಲ.”

“ಇಲ್ಲ. ಆಡಿದ್ದರೆ ಜನ ಟಿಕೆಟ್ ಕೊಂಡು ನೋಡುತ್ತಿದ್ದರು.” ಮತ್ತೆ ಆ ದೊಡ್ಡ ನಗು. “ನಿನ್ನ ಎಡಗೈಯಷ್ಟು ಚಂದದ ಎಡಗೈ ನಾನು ಆಮೇಲೆ ನೋಡಲಿಲ್ಲ. ಆ ಮೂರನೇ ಸುತ್ತಿನ ಬಗ್ಗೆ ಯಾರಿಗೂ ಹೇಳಿರಲಿಲ್ಲ, ನಿನಗೆ ಹೇಳಿದೆ.”

ಮುರಿಗೆಪ್ಪನವರು ಫೋನ್ ಇಟ್ಟರು. ಸುಮಿತ್ರಮ್ಮ ಏನಂದರೆಂದು ಕೇಳಿದರು. “ನನ್ನಷ್ಟ ಹುಚ್ಚ ಅಂವಾನೂ,” ಎಂದರು. ದನಿಯಲ್ಲಿ ಗುರುಚರಣನ ಮೇಲಿನ ಹಳೆಯ ಕಹಿ ಇರಲಿಲ್ಲ.

ಮರುವರ್ಷ ತೇಜಶ್ರೀ ಐವತ್ತೇಳು ಕೆಜಿಯಲ್ಲಿ ಆಡಿದಳು. ತೂಕದ ದಿನ ಬೆಳಿಗ್ಗೆ ಹೊಟ್ಟೆ ತುಂಬ ಇಡ್ಲಿ ತಿಂದು ಹೋಗಿ, ಮಾಪಕದ ಮೇಲೆ ನಗುತ್ತ ನಿಂತಳು. ಅಂತಿಮ ಪಂದ್ಯಕ್ಕೆ ಪೆರಿಯಮೇಡಿನ ಒಳಾಂಗಣ ಕ್ರೀಡಾಂಗಣದಲ್ಲಿ ಅಜ್ಜ ಅಜ್ಜಿ ಮುಂದಿನ ಸಾಲಿನಲ್ಲಿದ್ದರು. ಎದುರಿಗೆ ತೂತುಕುಡಿಯ ವಿಭಾ ಎಂಬ ಹುಡುಗಿ. ಮೂರೂ ಸುತ್ತು ಇಬ್ಬರೂ ಒಂದೇ ಸಮನೆ ಕಾಲಾಡಿಸಿದರು. ಯಾರಿಗೂ ಉಸಿರು ಕಟ್ಟಲಿಲ್ಲ, ಯಾರ ಕಣ್ಣೂ ಮಂಕಾಗಲಿಲ್ಲ. ಗಂಟೆ ಬಾರಿಸಿದಾಗ ರೆಫರಿ ಎತ್ತಿದ್ದು ವಿಭಾಳ ಕೈಯನ್ನು.

ತೇಜಶ್ರೀ ಗ್ಲೌಸ್ ಕಿತ್ತೆಸೆದು ಬೆಂಚಿನ ಮೇಲೆ ಕೂತಳು. ಮುರಿಗೆಪ್ಪನವರು ಹತ್ತಿರ ಬಂದರು. ಅವರ ಮುಖ ಅರಳಿತ್ತು.

“ಸೋತಿದೀನಿ ಅಜ್ಜಾ. ನೀನು ನಗ್ತಾ ಇದೀಯ.”

“ಹೌದು, ಸೋತಿ. ಖರೇ ಸೋಲು ಇದು. ಆಕಿ ನಿನಗಿಂತ ಚಲೋ ಆಡಿದ್ಲು, ಅಷ್ಟ. ನನಗ ಇಂಥಾ ಸೋಲು ಒಮ್ಮಿನೂ ಸಿಗಲಿಲ್ಲ ನೋಡು.”

“ಇದೇನು ಸಮಾಧಾನ!” ಎಂದಳು ಅವಳು. ಅಳು ಬರುವಂತಿದ್ದರೂ ನಗು ಬಂತು. “ಎಲ್ಲಿ ತಪ್ಪಿದೆ, ಅದನ್ನ ಹೇಳು.”

“ಬಲಗಡೆ ಬರ‍್ತಿದ್ಲಲ್ಲ, ನೀ ಗದ್ದ ಮ್ಯಾಲೆತ್ತಿದಿ. ನಾಳಿ ರೆಸ್ಟು. ನಾಡದು ತೋರಸ್ತೀನಿ.”

ಅಷ್ಟು ಹೇಳಿ ಅವರು ರಿಂಗನ್ನು ಸುತ್ತಿ ಎದುರಿನ ಮೂಲೆಗೆ ನಡೆದರು. ವಿಭಾ ಎದ್ದು ಅವರ ಕಾಲು ಮುಟ್ಟಿದಳು. ಅವರು ತಮಿಳಿನಲ್ಲಿ ಏನೋ ಹೇಳುತ್ತ, ನಡುಗುವ ಎಡಗೈಯನ್ನೆತ್ತಿ, ಮೊಣಕೈ ಇನ್ನೂ ಎಷ್ಟು ಒಳಗಿರಬೇಕೆಂದು ಆ ಹುಡುಗಿಗೆ ತೋರಿಸತೊಡಗಿದರು.

ತೇಜಶ್ರೀ ಬೆಂಚಿನಿಂದಲೇ ಕೂಗಿದಳು: “ಅಜ್ಜಾ! ನೀನು ಯಾರ ಕಡೆ?”