ಸೋಫಾದ ಹೊಟ್ಟೆಯೊಳಗಿನ ಫೋನು

ರಾಕ್ಷಸನ ಪ್ರಾಣ ಏಳು ಸಮುದ್ರದಾಚೆ ಗಿಣಿಯೊಳಗಿತ್ತಂತೆ. ಸೋಫಾ ಮೇಸ್ತ್ರಿಯ ಪ್ರಾಣ ಫೋನಿನೊಳಗಿತ್ತು. ನಾಟಕಮಂದಿರದ ಇಪ್ಪತ್ತನಾಲ್ಕು ಹಳೆಯ ಕುರ್ಚಿಗಳು, ಒಂದರ ಅಳತೆ ಇನ್ನೊಂದಕ್ಕಿಲ್ಲ. ಎಲ್ಲವನ್ನೂ ಟೇಪು ಹಿಡಿದು ಫೋನಿನಲ್ಲೇ ಫೋಟೋ ಹೊಡೆದಿಟ್ಟಿದ್ದ. ನಾಳೆ ಬೆಳಿಗ್ಗೆ ಬಟ್ಟೆಗೆ ಕತ್ತರಿ ಹಾಕಬೇಕು, ಇಲ್ಲಿ ಫೋನೇ ನಾಪತ್ತೆ.

ಸೊಸೆ ನಿನ್ನೆಯಿಂದ ಕರೆ ಮಾಡಿ ಮಾಡಿ ಬೆರಳು ಸವೆಸಿಕೊಂಡಿದ್ದಳು. ರಿಂಗೇನೋ ಹೋಗುತ್ತಿತ್ತು. ಆದರೆ ಕೆಲಸಕ್ಕೆ ಕೂರುವ ಮುಂಚೆ ಫೋನಿನ ಬಾಯಿ ಮುಚ್ಚಿಸುವುದು ಮೇಸ್ತ್ರಿಯ ಅಭ್ಯಾಸ.

ಪುಣ್ಯಕ್ಕೆ ಅವಳ ಕಂಪ್ಯೂಟರಿಗೂ ಆ ಫೋನಿಗೂ ತಂತಿಯಿಲ್ಲದ ನೆಂಟಸ್ತಿಕೆ ಮೊದಲೇ ಕುದುರಿತ್ತು. ಹತ್ತು ಹೆಜ್ಜೆಯೊಳಗೆ ಬಂದರೆ ಸಾಕು, ಒಂದನ್ನೊಂದು ಗುರುತು ಹಿಡಿಯುತ್ತಿದ್ದವು. ಕಂಪ್ಯೂಟರನ್ನು ಕೂಸಿನಂತೆ ಕಂಕುಳಿಗೇರಿಸಿಕೊಂಡು ಅಂಗಡಿಯೆಲ್ಲ ಸುತ್ತಿದಳು. ಪಕ್ಕದ ಮನೆಯ ಗೋಡೆಗೆ ಒತ್ತಿ ನಿಂತಾಗ ಫೋನು ಸಿಕ್ಕಿತೆಂದು ತೆರೆ ತೋರಿಸಿತು. ಬ್ಯಾಟರಿ ಹನ್ನೊಂದು.

"ಮಾವ, ಈ ಗೋಡೆಯಾಚೆ ಏನಿದೆ?"

"ಟೀಚರಮ್ಮನ ನಡುಕೋಣೆ. ನಿನ್ನೆ ಕೊಟ್ಟ ಸೋಫಾ..." ಎಂದವನು ಅಲ್ಲೇ ಸ್ಟೂಲಿನ ಮೇಲೆ ಕುಸಿದ. ಸ್ಪಂಜಿನ ಮೇಲೆ ಫೋನಿಟ್ಟು, ಅದರ ಮೇಲೆ ಬಟ್ಟೆ ಎಳೆದು ಹೊಲಿದುಬಿಟ್ಟಿದ್ದ.

"ಹೋಗಿ ಹೇಳೋಣ, ಒಂದು ಹೊಲಿಗೆ ಬಿಚ್ಚಿದ್ರಾಯ್ತು."

"ತಲೆ ಕೆಟ್ಟಿದೆಯಾ? ಮೂರನೇ ಕ್ಲಾಸಿಂದ ನನ್ನ ಕಿವಿ ಹಿಂಡಿದೋರು. ನಿನ್ನೆ ಮೊದಲನೇ ಸಲ 'ಅಚ್ಚುಕಟ್ಟಾಗಿದೆ ಕಣೋ' ಅಂದ್ರು. ನಲವತ್ತು ವರ್ಷ ಕಾದಿದ್ದೀನಿ ಆ ಮಾತಿಗೆ. ಅವರಿಗೆ ಮಾತ್ರ ಗೊತ್ತಾಗಬಾರದು."

ಹೊಲಿಗೆ ಮುಟ್ಟದೆ ಅಳತೆಯನ್ನಷ್ಟೇ ಕಂಪ್ಯೂಟರಿಗೆ ಎಳೆದುಕೊಳ್ಳುವುದೆಂದು ತೀರ್ಮಾನವಾಯಿತು. ಸ್ಪ್ರಿಂಗ್ ಪರೀಕ್ಷೆಯ ನೆಪ ಹೇಳಿ ಇಬ್ಬರೂ ಹೋದರು. ಸೊಸೆ ಸೋಫಾದ ಪಕ್ಕ ನೆಲದ ಮೇಲೆ ಕೂತು ಗುಂಡಿ ಒತ್ತಿದಳು. ಒಂದು ಫೋಟೋ ಬಂತು, ಎರಡು ಬಂತು, ಏಳು ಬಂತು. ಅಷ್ಟರಲ್ಲಿ ಟೀಚರಮ್ಮ ಬಂದು ಸೋಫಾದ ನಟ್ಟನಡುವೆ ಕೂತರು. ನೆಂಟಸ್ತಿಕೆ ಕಡಿದುಹೋಯಿತು.

"ಟೀಚರ್, ಒಂಚೂರು ಆ ಕುರ್ಚಿಗೆ..." ಮೇಸ್ತ್ರಿ ಗೊಣಗಿದ.

"ಯಾಕೆ? ಭಾರ ಹಾಕದೆ ಸ್ಪ್ರಿಂಗಿಗೆ ಎಂಥ ಪರೀಕ್ಷೆಯೋ? ಮಗು ಇಲ್ಲದ ಕ್ಲಾಸಿಗೆ ಪಾಠ ಮಾಡಿದ ಹಾಗೆ."

ಬ್ಯಾಟರಿ ಆರಕ್ಕಿಳಿದಿತ್ತು. ಸೊಸೆ ಮೆಲ್ಲನೆ ತಲೆಯೆತ್ತಿದಳು. "ಟೀಚರ್, ಹದಿನೇಳರ ಮಗ್ಗಿ ಬಾಯಲ್ಲೇ ಹೇಳೋಕೆ ಏನೋ ಉಪಾಯ ಇದೆಯಂತಲ್ಲ?"

ಟೀಚರಮ್ಮ ಎದ್ದು ನಿಂತರು. ಮೂವತ್ತೈದು ವರ್ಷ ನಿಂತೇ ಪಾಠ ಹೇಳಿದ ಕಾಲುಗಳು, ಕೂತು ಕಲಿಸುವುದು ಅವಕ್ಕೆ ಗೊತ್ತಿರಲಿಲ್ಲ. ಕೋಣೆಯ ಈ ತುದಿಯಿಂದ ಆ ತುದಿಗೆ ನಡೆಯುತ್ತಾ ಹತ್ತು ಬೇರೆ, ಏಳು ಬೇರೆ ಮಾಡಿ ಬಿಡಿಸತೊಡಗಿದರು. ಇತ್ತ ಕುರ್ಚಿಗಳು ಸಾಲಾಗಿ ಬಂದವು. ಹನ್ನೆರಡು, ಹದಿನೆಂಟು. "ಹದಿನೇಳೆಂಟ್ಲೆ?" ಎಂದು ಮೇಸ್ತ್ರಿಯ ಕಡೆ ಬೆರಳು ತಿರುಗಿತು.

"ನೂರಾ... ಮೂವತ್ತಾರು."

"ಪರವಾಗಿಲ್ವೇ."

ಇಪ್ಪತ್ತನಾಲ್ಕನೆಯದು ಬಂದಿಳಿಯಿತು, ಫೋನು ಕಣ್ಣು ಮುಚ್ಚಿತು. ಸೊಸೆ ಕಂಪ್ಯೂಟರ್ ಮಡಚಿದಳು. ಯುದ್ಧ ಗೆದ್ದ ರಾಜನ ಹಾಗೆ ಮೇಸ್ತ್ರಿ ಸೆಟೆದು ನಿಂತ. "ಸೋಫಾ ಪಾಸಾಯ್ತು ಟೀಚರ್. ಬರ್ತೀವಿ."

"ನಿಲ್ಲೋ." ಟೀಚರಮ್ಮ ಮತ್ತೆ ಅಲ್ಲೇ ಕೂತು, ಬೆನ್ನು ಆನಿಸಿ, ಒಂದು ಗಳಿಗೆ ಕಣ್ಣುಮುಚ್ಚಿದರು. "ನಿನ್ನೆ ಇಡೀ ದಿನ ಒಳಗೊಳಗೇ ಗುರ್‍ರ್ ಗುರ್‍ರ್ ಅಂತಿತ್ತು. ಸೊಂಟದ ನೋವಿಗೆ ಎಷ್ಟು ಹಿತವಾಗಿತ್ತು ಅಂತೀಯ. ಈಗ ನಿಂತುಹೋಗಿದೆ."

ಮೇಸ್ತ್ರಿ ಸೊಸೆಯ ಮುಖ ನೋಡಿದ. ಸೊಸೆ ನೆಲ ನೋಡಿದಳು.

"ಅದು... ಹೊಸ ಸ್ಪ್ರಿಂಗು ಟೀಚರ್, ಕೂರೋವರೆಗೂ ಸ್ವಲ್ಪ..."

"ಹೌದೌದು. ಸಂಜೆ ಬಂದು ಬಿಚ್ಚು. ಬರುವಾಗ ನಿನ್ನ ಸ್ಪ್ರಿಂಗಿನ ಚಾರ್ಜರೂ ತಾ," ಎಂದರು ಟೀಚರಮ್ಮ, ಕಣ್ಣು ತೆರೆಯದೆ. "ವಯರು ಕಾಣದ ಹಾಗೆ ಹಿಂದಿನಿಂದ ಎಳೆದು ಹೊಲಿ. ಆಮೇಲೆ ನಿನ್ನ ಸೊಸೆಗೆ ಹೇಳು, ಊಟವಾದ ಮೇಲೆ ದಿನಾ ಒಂದು ಹತ್ತು ಸಲ ಕರೆ ಮಾಡ್ಲಿ."